ಹತ್ತೇ ಸಾಕೋ, ಹನ್ನೊಂದು ಬೇಕೋ?

ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನಮ್ಮ ಗೆಳತಿಯ ಮನೆ. ಆ ಮನೆಯ ನಡುಮನೆಯಲ್ಲಿ, ಟಿವಿ ಪಕ್ಕ, ಒಂದು ಕಂಪ್ಯೂಟರ್ ಇದೆ. 2019ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್‌ಗೆ ತಂದದ್ದು. ದುಡ್ಡು ಕೊಟ್ಟವರು ಅವಳ ಅಮ್ಮ, ಡೇರಿಗೆ ಹಾಲು ಹಾಕಿ ಕೂಡಿಟ್ಟದ್ದು. ಹೆಸರಿಗೆ ಅದು ಅವರ ಮನೆಯದು. ಆದರೆ ಪತ್ರಿಕೋದ್ಯಮ ಓದುವಾಗಿನಿಂದ ನಾವು ನಾಲ್ಕು ಜನ, ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕಿಗೊಬ್ಬರಂತೆ ಇರುವ ನಾವು, ಬರೆದದ್ದೆಲ್ಲ ಅದರಲ್ಲೇ.

ಹೋದ ವರ್ಷ ಅದರಲ್ಲಿ ಪದೇ ಪದೇ ಒಂದು ಸೂಚನೆ ಬರತೊಡಗಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲ ಇಲ್ಲ, ವಿಂಡೋಸ್ 11ಕ್ಕೆ ಹೋಗಿ ಎಂದು. ಆ ದಿನ ಕಂಪ್ಯೂಟರ್ ನಿಂತೇ ಹೋಗುತ್ತದೆ ಎಂದು ನಮ್ಮಲ್ಲಿ ಇಬ್ಬರು ನಂಬಿದ್ದೆವು. ಹಾಗೇನೂ ಅಲ್ಲ. ಕಂಪ್ಯೂಟರ್ ಎಂದಿನಂತೆ ನಡೆಯುತ್ತದೆ. ಕಳ್ಳರು ನುಗ್ಗುವ ಹೊಸ ತೂತು ಕಂಡಾಗ ಅದನ್ನು ಮುಚ್ಚಲು ಕಂಪನಿ ತಿಂಗಳು ತಿಂಗಳು ಕಳಿಸುತ್ತಿದ್ದ ತೇಪೆ ಮಾತ್ರ ಬರುವುದಿಲ್ಲ.

ಅಮ್ಮನಿಗೆ ಹೇಳಿದರೆ, "ಕರೆಯೋ ಹಸೂನ ಯಾರಾದ್ರೂ ಹೊಡೀತಾರೇನವ್ವ ಸಂತೆಗೆ? ಓಡ್ತಾ ಐತಲ್ಲ, ಬುಡಿ" ಅಂದರು. ನಮಗೂ ಸರಿ ಅನ್ನಿಸಿತು.

ಆದರೂ ನೋಡೋಣ ಎಂದು ಮೈಕ್ರೋಸಾಫ್ಟ್‌ನವರದೇ 'ಪಿಸಿ ಹೆಲ್ತ್ ಚೆಕ್' ಇಳಿಸಿ ಒತ್ತಿದೆವು. ಈ ಕಂಪ್ಯೂಟರಿಗೆ ಹನ್ನೊಂದು ಆಗುವುದಿಲ್ಲ ಎಂದು ಬಂತು. 4 ಜಿಬಿ ರ‍್ಯಾಮ್ ಇತ್ತು, ಹನ್ನೊಂದು ಕೇಳುವುದೂ ಅಷ್ಟೇ. ತೊಡಕು ಬೇರೆ ಕಡೆ. ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು. ಇಂಟೆಲ್ ಆದರೆ ಬಹುಪಾಲು ಎಂಟನೇ ತಲೆಮಾರು ಅಥವಾ ಅದರ ಈಚಿನ ಪ್ರೊಸೆಸರ್ ಇರಬೇಕು. ನಮ್ಮದು ನಾಲ್ಕನೇ ತಲೆಮಾರು. ಹೊಸ ಕಂಪ್ಯೂಟರ್ ವಿಚಾರಿಸಿದೆವು, ಮೂವತ್ತು ಸಾವಿರಕ್ಕೆ ಕಡಿಮೆ ಯಾರೂ ಹೇಳಲಿಲ್ಲ. ಪೇಟೆಯಲ್ಲಿ ರಿಪೇರಿ ಮಾಡುವವರೊಬ್ಬರು, "ಐನೂರು ಕೊಡಿ, ಅಡ್ಡದಾರೀಲಿ ಹನ್ನೊಂದು ಹಾಕ್ಕೊಡ್ತೀನಿ" ಅಂದರು. ಹಾಗೆ ಹಾಕಲು ಬರುತ್ತದೆ, ಸುಳ್ಳಲ್ಲ. ಆದರೆ ಆ ಕಂಪ್ಯೂಟರಿಗೆ ಮುಂದೆ ಅಪ್‌ಡೇಟ್ ಬರುವ ಖಾತರಿ ಇಲ್ಲ ಎಂದು ಕಂಪನಿಯೇ ಹೇಳಿದೆ. ಅಪ್‌ಡೇಟಿಗೋಸ್ಕರ ಹನ್ನೊಂದಕ್ಕೆ ಹೋಗಿ, ಅದೇ ಬರದಿದ್ದರೆ ಏನು ಬಂತು?

ಅವರು ಇನ್ನೊಂದು ಮಾತೂ ಸೇರಿಸಿದರು: "ಫಾರ್ಮ್ಯಾಟ್ ಮಾಡ್ಬೇಕಾಗುತ್ತೆ."

ಆ ಪದ ಕೇಳಿದರೆ ಚನ್ನಪಟ್ಟಣದವನಿಗೆ ಈಗಲೂ ಮೈ ಉರಿಯುತ್ತದೆ. 2020ರ ಜನವರಿಯಲ್ಲಿ ವಿಂಡೋಸ್ 7ರ ಬೆಂಬಲ ನಿಂತಾಗ, ಅವನು ತನ್ನ ಹಳೇ ಲ್ಯಾಪ್‌ಟಾಪನ್ನು ಒಂದು ಅಂಗಡಿಗೆ ಕೊಟ್ಟು ಹತ್ತು ಹಾಕಿಸಿದ್ದ. ಅದರಲ್ಲಿ ಬೊಂಬೆ ಮಾಡುವ ಕುಶಲಕರ್ಮಿಗಳ ಸಂದರ್ಶನಗಳಿದ್ದವು. ಹಾಲೆ ಮರ ಹೇಗೆ ಒಣಗಿಸುತ್ತಾರೆ, ಅರಗಿನ ಬಣ್ಣ ಹೇಗೆ ಹಿಡಿಸುತ್ತಾರೆ ಅಂತೆಲ್ಲ ಒಬ್ಬ ಹಿರಿಯರು ಎರಡು ತಾಸು ಹೇಳಿದ್ದ ಧ್ವನಿಮುದ್ರಿಕೆಯೂ ಇತ್ತು. ಎಲ್ಲ ಹೋಯಿತು. ಆ ಹಿರಿಯರೂ ಈಗಿಲ್ಲ. ಬೇರೆ ಕಡೆ ಪ್ರತಿ ಇಟ್ಟುಕೊಳ್ಳದಿದ್ದದ್ದು ನಮ್ಮದೇ ತಪ್ಪು, ಅಂಗಡಿಯವರನ್ನು ಎಷ್ಟು ಬೈದರೂ ಅದು ವಾಪಸ್ ಬರಲಿಲ್ಲ.

ಹಾಗಾದರೆ ಸುಮ್ಮನೆ ಹತ್ತರಲ್ಲೇ ಇರೋಣ, ನಮ್ಮ ಮನೇಲಿ ಕದಿಯೋಕೆ ಏನಿದೆ ಎಂದಳು ಗೆಳತಿ. ಆಗ ಕನಕಪುರದವನು 'ಡೌನ್‌ಲೋಡ್ಸ್' ಫೋಲ್ಡರ್ ತೆಗೆದು ತೋರಿಸಿದ. ಗೃಹಲಕ್ಷ್ಮಿ ಅರ್ಜಿ ಹಾಕುವಾಗ ಬೀದಿಯ ಹೆಂಗಸರು ವಾಟ್ಸಾಪಿನಲ್ಲಿ ಕಳಿಸಿ ಪ್ರಿಂಟ್ ಹಾಕಿಸಿಕೊಂಡಿದ್ದ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್. ಯಾರದೋ ಪಹಣಿ, ಯಾರದೋ ಜಾತಿ ಪ್ರಮಾಣಪತ್ರ. ಒಂದನ್ನೂ ಅಳಿಸಿರಲಿಲ್ಲ. ಎಣಿಸುತ್ತಾ ಹೋದಂತೆ ನಮಗೆ ನಾಚಿಕೆಯಾಯಿತು. ಕಳುವಾಗುವುದು ನಮ್ಮದಷ್ಟೇ ಆಗಿದ್ದರೆ ಅಮ್ಮನ ಮಾತೇ ಸರಿ. ಇದು ನಂಬಿ ಕೊಟ್ಟವರ ಗಂಟು.

ತೇಪೆ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು, ಬಿಡಿಸಲು ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೇ ರೋಗಿಗಳನ್ನು ವಾಪಸ್ ಕಳಿಸುವಂತಾಯಿತು. ಅದು ನುಗ್ಗಿದ ತೂತಿಗೆ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ, ತೇಪೆ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಮೊದಲು ಆ ಕಾಗದಗಳನ್ನೆಲ್ಲ ಅಳಿಸಿದೆವು, ಕಸದ ಬುಟ್ಟಿಯಿಂದಲೂ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆಗೆದು ನೋಡಿದರೆ ಒಂದು ದಾರಿ ಸಿಕ್ಕಿತು. ಮನೆ ಕಂಪ್ಯೂಟರುಗಳಿಗೆ ಒಂದು ವರ್ಷ ಹೆಚ್ಚುವರಿಯಾಗಿ, 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ತೇಪೆ ಕೊಡುತ್ತಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ದುಡ್ಡಿಲ್ಲ. ನಿಮ್ಮ ಮನೆಯಲ್ಲೂ ಹತ್ತು ಇದ್ದರೆ ಒಮ್ಮೆ ಅಲ್ಲಿ ನೋಡಿ. ನಾವು ಹೆಸರು ಹಚ್ಚಿದೆವು. ಅಂತೂ ಒಂದು ವರ್ಷ ಉಸಿರಾಡಲು ಸಿಕ್ಕಿತು.

ಅದು ಮುಗಿದ ಮೇಲೆ? ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವಿಗೆ ಹಾಕಿ, ಏನೂ ಅಳಿಸದೆ, ಅದರಿಂದಲೇ ಕಂಪ್ಯೂಟರ್ ಶುರುಮಾಡಿ ನೋಡಿದೆವು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ, ಕಾಸರಗೋಡಿನ ಕನ್ನಡ ಮಕ್ಕಳೂ ಸೇರಿ. ನಮಗೇನು ಕಷ್ಟ ಎಂಬ ಧೈರ್ಯ. ಕನ್ನಡ ಟೈಪಿಂಗಿಗೆ ನುಡಿಯ ಕೀಲಿಮಣೆ ವಿನ್ಯಾಸವೇ ಅದರಲ್ಲಿದೆ, 'ಕೆಜಿಪಿ' ಎಂಬ ಹೆಸರಿನಲ್ಲಿ. ಬೆರಳು ತಡವರಿಸಲಿಲ್ಲ. ಆದರೆ ಗೆಳತಿಯ ತಂಗಿ ಬಿ.ಕಾಂ. ಓದುತ್ತಾಳೆ, ಅವಳಿಗೆ ಟ್ಯಾಲಿ ಬೇಕು, ಅದಕ್ಕೆ ವಿಂಡೋಸೇ ಬೇಕು. "ಅಕ್ಕ, ನಿಮ್ ಬರವಣಿಗೆಗೆ ನನ್ ಪರೀಕ್ಷೆ ಹಾಳ್ಮಾಡ್ಬೇಡಿ" ಎಂದು ಮೊದಲೇ ಹೇಳಿಬಿಟ್ಟಳು. ಕೊನೆಗೆ ಹೀಗೆ ಗೊತ್ತುಮಾಡಿದೆವು: ಎರಡೂ ಇರಲಿ. ಅಕ್ಟೋಬರ್ ಆದಮೇಲೆ ವಿಂಡೋಸಿಗೆ ನೆಟ್ ಬಂದ್, ಅದು ಟ್ಯಾಲಿಗೆ ಮಾತ್ರ. ನೆಟ್ ಕೆಲಸವೆಲ್ಲ ಲಿನಕ್ಸಿನಲ್ಲಿ.

ಇಷ್ಟು ನಿರ್ಧರಿಸಿದ್ದೇ ತಡ, ನಮ್ಮ ಹಳೇ ಫೈಲುಗಳು ಕೈಕೊಟ್ಟವು. ಕಾಲೇಜಿನ ದಿನಗಳಲ್ಲಿ ನಾವು ಟೈಪಿಸಿದ್ದು ನುಡಿಯ ಹಳೇ ಫಾಂಟಿನಲ್ಲಿ, ಯೂನಿಕೋಡಿನಲ್ಲಲ್ಲ. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಕಡೆ, ಫೋನಿನಲ್ಲೂ ಅಷ್ಟೇ, ತೆಗೆದರೆ ಕಾಗೆ ಕಾಲು ಗುಬ್ಬಿ ಕಾಲು. ಅದರಲ್ಲಿ ಗೆಳತಿಯ ಅಜ್ಜಿ ಹೇಳಿದ್ದ ಸೋಬಾನೆ ಪದಗಳಿವೆ. ಅಜ್ಜಿ ಹೋಗಿ ಮೂರು ವರ್ಷ.

ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆವು. ಮುಕ್ಕಾಲು ಪಾಲು ಸರಿಯಾಗಿ ಬಂತು. ಅರ್ಕಾವತ್ತು ಮಾತ್ರ ಅಲ್ಲಲ್ಲಿ ಜಾಗ ತಪ್ಪಿತ್ತು. ಅರ್ಕಾವತಿ ಸೀಮೆಯವರಾದ ನಮಗೇ ಹೀಗೆ! ಎರಡು ಪೆನ್‌ಡ್ರೈವಿಗೆ ಪ್ರತಿ ಹಾಕಿ, ಒಂದನ್ನು ರಾಮನಗರದವಳ ಮನೆಗೆ ಕಳಿಸಿದೆವು. ಈಗ ಭಾನುವಾರ ಭಾನುವಾರ ಕೂತು ತಿದ್ದುತ್ತಿದ್ದೇವೆ. ನಾವು ಜೋರಾಗಿ ಓದುವುದು, ಅಮ್ಮ ಹಾಲಿನ ಕ್ಯಾನು ತೊಳೆಯುತ್ತಾ ಕೇಳುವುದು.

ಹೋದ ವಾರ ಒಂದು ಕಡೆ ತಡೆದರು. ನಾವು ಅಂದು ಟೈಪಿಸಿದ್ದು "ಹಸುವಿನ ಮೇಲೆ ಕೂರಿಸಿ" ಎಂದು.

"ಮದುವೆ ಹೆಣ್ಣನ್ನ ಹಸು ಮೇಲೆ ಯಾರ್ ಕೂರಿಸ್ತಾರೆ? ಅದು ಹಸೆ ಕಣ್ರವ್ವ, ಹಸೆ!" ಅಂದರು ಅಮ್ಮ.