ಯಾರು ಯಾರನ್ನ ಕರೀತಾರೆ?

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಬಂದು, "ಸಾರ್, ಈ ಫಂಕ್ಷನ್ನನ್ನ ಯಾರೂ ಕರೀತಾನೇ ಇಲ್ಲ. ಒಳಗೆ ಏನು ಬದಲಾಯಿಸಿದ್ರೂ ಪರವಾಗಿಲ್ಲ ಅಲ್ವಾ?" ಅಂದಳು. ನನ್ನ ಎದೆ ಧಸಕ್ ಅಂತು. ಯಾಕೆ ಅಂತ ಹೇಳ್ತೀನಿ ಕೇಳಿ.

ನಾನು ಬೆಂಗಳೂರಿಗೆ ಬಂದು ಮೊದಲ ಕೆಲಸಕ್ಕೆ ಸೇರಿದಾಗ ಕೈಗೆ ಸಿಕ್ಕಿದ್ದು ಯಾರ್ಯಾರೋ ಬರೆದಿಟ್ಟು ಹೋದ ಲಕ್ಷಗಟ್ಟಲೆ ಸಾಲುಗಳ ಸಿ ಕೋಡ್. ನನಗೆ ಗೊತ್ತಿದ್ದದ್ದು ಗ್ರೆಪ್ ಒಂದೇ. ಅದೋ, ಜಾತ್ರೆಯಲ್ಲಿ ನಿಂತು "ಮಂಜಾ..." ಅಂತ ಕೂಗಿದ ಹಾಗೆ. ಹತ್ತು ಜನ ತಿರುಗಿ ನೋಡ್ತಾರೆ, ಅದರಲ್ಲಿ ನಮ್ಮ ಮಂಜ ಯಾರು? ಕಾಮೆಂಟಿನಲ್ಲಿರೋ ಹೆಸರು, ಇನ್ನೊಂದು ಹೆಸರಿನ ಬಾಲದಲ್ಲಿರೋ ಹೆಸರು, ಎಲ್ಲವೂ ಬಂದು ಸ್ಕ್ರೀನ್ ತುಂಬೋದು.

ನನ್ನ ಪಾಡು ನೋಡಲಾರದೆ ಟೀಮಿನ ಹಿರಿಯರೊಬ್ಬರು ಸಿಸ್ಕೋಪ್ ತೋರಿಸಿಕೊಟ್ಟರು. ಬೆಲ್ ಲ್ಯಾಬ್ಸ್‌ನಲ್ಲಿ ಜೋ ಸ್ಟೆಫೆನ್ ಅನ್ನೋರು ಪಿಡಿಪಿ-11 ಕಾಲದಲ್ಲಿ ಬರೆದದ್ದು. 2000ದಲ್ಲಿ ಎಸ್‌ಸಿಓ ಕಂಪನಿ ಅದನ್ನ ಬಿಎಸ್‌ಡಿ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಕೋಡ್ ಇರೋ ಫೋಲ್ಡರಿಗೆ ಹೋಗಿ ಸಿಸ್ಕೋಪ್ ಅಂತ ಬರೆದು, ಪಕ್ಕದಲ್ಲಿ ಮೈನಸ್ ದೊಡ್ಡ ಆರ್ ಹಾಕಿದರೆ ಒಳಗಿನ ಫೋಲ್ಡರುಗಳನ್ನೆಲ್ಲ ಜಾಲಾಡಿ ಒಂದು ಪಟ್ಟಿ ಮಾಡಿಟ್ಟುಕೊಳ್ಳತ್ತೆ. ಆಮೇಲೆ ಸ್ಕ್ರೀನಿನ ಕೆಳಗೆ ಸಾಲಾಗಿ ಪ್ರಶ್ನೆಗಳು: ಈ ಹೆಸರು ಎಲ್ಲೆಲ್ಲಿದೆ, ಎಲ್ಲಿ ಹುಟ್ಟಿತು, ಇದು ಯಾರನ್ನ ಕರೆಯತ್ತೆ, ಇದನ್ನ ಯಾರು ಕರೀತಾರೆ... ಕೋಡ್ ಕಂಪೈಲ್ ಆಗಲೇಬೇಕು ಅಂತಲೂ ಇಲ್ಲ! (ಹೊರಗೆ ಬರೋದು ಹೇಗೆ ಅಂತ ಗೊತ್ತಿಲ್ಲದೆ ಮೊದಲ ದಿನ ಟರ್ಮಿನಲ್ಲನ್ನೇ ಮುಚ್ಚಿದ್ದೆ. ಕಂಟ್ರೋಲ್ ಡಿ ಒತ್ತಬೇಕಂತೆ.)

ಅಲ್ಲಿಂದ ನಾನು ಹಾರಾಡಿದ್ದೇ ಹಾರಾಡಿದ್ದು. ಒಂದು ಫಂಕ್ಷನ್ ಕೆಲಸ ಸರಿಯಾಗಿ ಮುಗಿದರೆ ಸೊನ್ನೆ ಕೊಡ್ತಿತ್ತು. ಎಷ್ಟು ಬೈಟ್ ಬರೆದೆ ಅನ್ನೋದನ್ನ ಕೊಟ್ಟರೆ ಚೆನ್ನ ಅಂತ ನಾನೇ ಬದಲಾಯಿಸಿದೆ. "ಯಾರು ಕರೀತಾರೆ" ಅಂತ ಕೇಳಿದೆ, ಹದಿನಾಲ್ಕು ಜಾಗ ಬಂತು. ಹದಿನಾಲ್ಕನ್ನೂ ತಿದ್ದಿದೆ. ಕಂಪೈಲರ್ ತುಟಿ ಪಿಟಕ್ಕೆನ್ನಲಿಲ್ಲ. ಶುಕ್ರವಾರ ಸಂಜೆ ಊರಿನ ಬಸ್ಸು ಹತ್ತಿದೆ.

ಸೋಮವಾರ ಗ್ರಾಹಕರ ಮುಂದೆ ಡಬ್ಬಿ ಕೈಕೊಟ್ಟಿತು. ಹದಿನೈದನೆಯವನೊಬ್ಬ ಇದ್ದ! ಫಂಕ್ಷನ್ನಿನ ಹೆಸರು ಒಂದು ಪಾಯಿಂಟರ್ ಟೇಬಲ್ಲಿನಲ್ಲಿ ಸುಮ್ಮನೆ ಕೂತಿತ್ತು. ಕರೆಯುವವನು ಹೆಸರು ಹಿಡಿದು ಕರೀತಿರಲಿಲ್ಲ, ಟೇಬಲ್ಲಿನ ಇಷ್ಟನೇ ಮನೆ ಅಂತ ಕರೀತಿದ್ದ. ಸೊನ್ನೆ ಬಾರದ್ದು ನೋಡಿ ಎಲ್ಲವನ್ನೂ ತಪ್ಪು ಅಂತ ತಿರಸ್ಕರಿಸಿದ್ದ. ಸಿಸ್ಕೋಪ್ ಓದೋದು ಬರೆದಿಟ್ಟ ಅಕ್ಷರವನ್ನ, ಪಾಯಿಂಟರ್ ಬೆನ್ನು ಹತ್ತಿ ಹೋಗೋದಿಲ್ಲ.

ಆ ರಾತ್ರಿ ಹನ್ನೊಂದರವರೆಗೆ ಹಿರಿಯರು ನನ್ನ ಪಕ್ಕದಲ್ಲೇ ಕೂತಿದ್ದರು. ಮ್ಯಾನೇಜರ್ ಹತ್ತಿರ "ನಾನು ನೋಡಿ ಒಪ್ಪಿದ್ದೆ, ತಪ್ಪು ನನ್ನದು" ಅಂದುಬಿಟ್ಟಿದ್ದರು. ಅವರು ನೋಡಿರಲೇ ಇಲ್ಲ. ನಾನು ಸಿಸ್ಕೋಪ್ ಸುಳ್ಳು ಹೇಳಿತು ಅಂತ ಗೊಣಗಿದ್ದಕ್ಕೆ, "ಅದೇನೂ ಸುಳ್ಳು ಹೇಳಲಿಲ್ಲಪ್ಪ. ನೀನು ಕೇಳಿದ್ದಕ್ಕೆ ಉತ್ತರ ಕೊಡ್ತು. ಮೊದಲನೇ ಸಾಲು ಕೇಳಿದ್ಯಾ?" ಅಂದರು. ಈ ಹೆಸರು ಎಲ್ಲೆಲ್ಲಿದೆ ಅನ್ನೋ ಸಾಲು. ಕೇಳಿದ್ದರೆ ಆ ಟೇಬಲ್ಲು ಅಲ್ಲೇ ಕಾಣ್ತಿತ್ತು.

ಈಗ ಎಡಿಟರುಗಳೇ ಇದೆಲ್ಲ ಮಾಡತ್ವೆ. ನಿಯೋವಿಮ್ ಅಂತೂ 2023ರಲ್ಲಿ ಸಿಸ್ಕೋಪ್ ಬೆಂಬಲವನ್ನೇ ಕಿತ್ತುಹಾಕಿತು. ಆದರೂ ನಾನು ಆ ಹುಡುಗಿಯನ್ನ ಕೂರಿಸಿಕೊಂಡು ಸಿಸ್ಕೋಪನ್ನೇ ತೆರೆದೆ. "ಮೊದಲನೇ ಸಾಲು ಕೇಳಮ್ಮ" ಅಂದೆ. ಅದು ಹುಟ್ಟಿದ ಜಾಗ ಬಿಟ್ಟರೆ ಒಂದೇ ಒಂದು ಜಾಗ ಬಂತು. ಟೇಬಲ್ಲು.

ಅವಳು ನನ್ನ ಮುಖ ನೋಡಿದಳು. ನನಗೆ ಆ ಹಿರಿಯರ ನೆನಪಾಯ್ತು. ಈಗ ಎಲ್ಲಿದ್ದಾರೋ, ಹೇಗಿದ್ದಾರೋ... ಅವತ್ತು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.