ಸೂಜಿಯ ಮಿತಿ
ಸೊಂಟ ನೋವಿನಿಂದ ಸುಜೂದ್ ಮಾಡಲಾಗದೆ ಕುರ್ಚಿಯಲ್ಲಿ ಕುಳಿತು ನಮಾಝ್ ನಿರ್ವಹಿಸುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಡಿಸ್ಕ್ ಜಾರಿದೆ ಎಂದರೆ ಸಾಕು, ಆಪರೇಶನ್‌ಗೆ ಅಂಜಿ ನಾವು ಅಕ್ಯುಪಂಕ್ಚರ್‌ನತ್ತ ನೋಡುತ್ತೇವೆ.

2019ರಲ್ಲಿ ಕೇಂದ್ರ ಸರಕಾರ ಅದಕ್ಕೆ ಮನ್ನಣೆ ನೀಡಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಸೂಚಿಸಿತು. ಆದರೆ ಅದು ನಿರ್ದಿಷ್ಟ ಕಾರಣ ಕಾಣದ ದೀರ್ಘಕಾಲದ ಸೊಂಟ ನೋವಿಗೆ. ಸೂಜಿ ನೋವನ್ನು ತಗ್ಗಿಸಬಹುದು, ಜಾರಿದ ಡಿಸ್ಕನ್ನು ಸ್ವಸ್ಥಾನಕ್ಕೆ ತರಲಾರದು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ.

ಆದರೆ ಕಾಲು ಸೋತರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ರೋಗ ಕೊಟ್ಟ ಅಲ್ಲಾಹನು ಮದ್ದನ್ನೂ ಇಟ್ಟಿದ್ದಾನೆಂದು ನಂಬುವ ನಮಗೆ, ಯಾವ ಮದ್ದು ಯಾವಾಗ ಎಂದು ಬಲ್ಲವರಲ್ಲಿ ಕೇಳುವುದೂ ಆ ನಂಬಿಕೆಯ ಭಾಗವೇ ಆಗಬೇಕು.