ಮಡಿಲಲ್ಲಿ ಡೀಸೆಲ್ ಕ್ಯಾನು

ಪೊನ್ನಂಪೇಟೆಯ ಗೆಳೆಯನ ಮನೆಯಲ್ಲಿ ಕಡಂಬುಟ್ಟು ತಿಂದು ಹೊರಟಾಗ ಬೆಳಗಿನ ಎಂಟು ಗಂಟೆ. ಅಕ್ಟೋಬರ್ ಕೊನೆ; ಮಳೆ ಬಿಟ್ಟು ನಾಲ್ಕೇ ದಿನವಾಗಿತ್ತು. ನಾಲ್ಕುನಾಡು ಅರಮನೆ ನೋಡಿ, ಅಲ್ಲಿಂದ ತಡಿಯಂಡಮೋಳ್ ಬೆಟ್ಟದ ದಾರಿಯಲ್ಲಿ ಜೀಪು ಹೋಗುವಷ್ಟು ದೂರ ಹೋಗುವುದೆಂದು ಮಾತಾಗಿತ್ತು. ಜೀಪೆಂದರೆ ಗೆಳೆಯನ ಅಪ್ಪನ ಕಾಲದ ಮಹೀಂದ್ರ ಎಂಎಂ 540. 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್, ಟರ್ಬೊ ಇಲ್ಲ. ಜೂನ್‌ನಿಂದ ಶೆಡ್ಡಿನಲ್ಲೇ ನಿಂತಿದ್ದ ಗಾಡಿ ಅವತ್ತು ಮೊದಲ ಸಲ ಹೊರಗೆ ಬಂದಿತ್ತು.

ಗೋಣಿಕೊಪ್ಪ, ವಿರಾಜಪೇಟೆ, ಕಡಂಗ. ಅಲ್ಲಿಯವರೆಗೆ ಹೇಳುವಂಥದ್ದೇನೂ ಇಲ್ಲ. ಗದ್ದೆಯಲ್ಲಿ ತೆನೆ ಬಾಗಿತ್ತು, ಜೀಪು ಸದ್ದು ಮಾಡಿದರೂ ಓಡುತ್ತಿತ್ತು. ಕಕ್ಕಬ್ಬೆ ದಾಟಿ ಅರಮನೆಯ ಕಡೆ ತಿರುಗಿ ಏರು ಶುರುವಾದದ್ದೇ ತಡ, ಎರಡನೇ ತಿರುವಿನಲ್ಲಿ ಎಂಜಿನ್ನಿನ ದನಿ ಇಳಿಯಿತು. ಗೆಳೆಯ ಮೊದಲ ಗೇರಿಗೆ ಬಂದ. ಆಕ್ಸಿಲರೇಟರ್ ನೆಲಕ್ಕೆ ಒತ್ತಿದ. ಜೀಪು ಮುಲುಗುತ್ತ ಇಪ್ಪತ್ತು ಮಾರು ಹೋಗಿ ನಿಂತೇ ಹೋಯಿತು.

‘ಇಳಿ ಮಾರಾಯ, ಚಕ್ರಕ್ಕೆ ಕಲ್ಲು ಕೊಡು’ ಅಂದ. ಕೊಟ್ಟೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಗುಡುಗಿತು. ಒಂದು ತಿರುವು ಹತ್ತಿಸಿತು. ಮತ್ತೆ ಅದೇ ಮುಲುಗಾಟ, ಮತ್ತೆ ಕಲ್ಲು.

‘ಎತ್ತರ ಜಾಸ್ತಿಯಾಯಿತು, ಗಾಳಿ ಸಾಲದು’ ಎಂದು ಗೆಳೆಯ ತೀರ್ಪು ಕೊಟ್ಟ. ನನಗೆ ಲೆಕ್ಕ ಹೊಂದಲಿಲ್ಲ. ಟರ್ಬೊ ಇಲ್ಲದ ಎಂಜಿನ್ ನೂರು ಮೀಟರ್ ಏರಿದರೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಪೊನ್ನಂಪೇಟೆಯೇ ಸುಮಾರು 850 ಮೀಟರ್ ಎತ್ತರದಲ್ಲಿದೆ. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ನೆತ್ತಿ 1748 ಮೀಟರ್. ನೆತ್ತಿಗೇ ಜೀಪು ಹತ್ತಿಸಿದರೂ ಹತ್ತರಲ್ಲಿ ಒಂದು ಪಾಲು ಹೋದೀತು. ನಾವಿನ್ನೂ ಅರಮನೆಯನ್ನೇ ಕಂಡಿರಲಿಲ್ಲ. ಅಲ್ಲದೆ ಗಾಳಿ ಸಾಲದ ಎಂಜಿನ್ ಹತ್ತು ನಿಮಿಷ ವಿಶ್ರಾಂತಿ ಕೊಟ್ಟರೆ ಸುಧಾರಿಸಿಕೊಳ್ಳುವುದೂ ಇಲ್ಲ. ಅಷ್ಟರಲ್ಲಿ ಬೆಟ್ಟವೇನು ಕುಗ್ಗುತ್ತದೆಯೆ?

ಮೂರನೇ ಸಲ ಕಲ್ಲು ಹುಡುಕುತ್ತಿದ್ದಾಗ ಪ್ರವಾಸಿಗರನ್ನು ಮೇಲೆ ಬಿಟ್ಟು ಖಾಲಿ ಬರುತ್ತಿದ್ದ ಜೀಪೊಂದು ನಿಂತಿತು. ಚಾಲಕ ಐವತ್ತರ ಆಸುಪಾಸಿನವರು, ಕಾಲಲ್ಲಿ ಗಂಬೂಟು. ಬಾನೆಟ್ ಕಡೆ ಕಣ್ಣೂ ಹಾಯಿಸದೆ ಕೇಳಿದರು: ‘ಸಾಯುವಾಗ ಹೊಗೆ ಯಾವ ಬಣ್ಣ?’

ನಾವಿಬ್ಬರೂ ನೋಡಿರಲಿಲ್ಲ. ‘ಇನ್ನೊಮ್ಮೆ ಹತ್ತಿಸಿ’ ಎಂದು ಹಿಂದೆ ನಿಂತರು. ಜೀಪು ಏರಿತು, ಮುಲುಗಿತು, ನಿಂತಿತು. ಹೊಗೆ ಹೆಚ್ಚುಕಡಿಮೆ ಇರಲೇ ಇಲ್ಲ.

‘ಏರ್ ಫಿಲ್ಟರ್ ಕಟ್ಟಿದ್ದರೆ ಕಪ್ಪು ಹೊಗೆ ಉಗುಳಬೇಕಿತ್ತು. ಕ್ಲಚ್ ಜಾರುವುದಾದರೆ ಎಂಜಿನ್ ಕೂಗ್ತದೆ, ಗಾಡಿ ಹೋಗುವುದಿಲ್ಲ. ಇಲ್ಲಿ ಎಂಜಿನ್ನೇ ಇಳಿಯುತ್ತಾ ಇದೆ. ಇದಕ್ಕೆ ಹಸಿವು ಸಾರ್, ಡೀಸೆಲ್ ಸಿಗ್ತಾ ಇಲ್ಲ.’

‘ಸಮತಟ್ಟಿನಲ್ಲಿ ಚೆನ್ನಾಗಿಯೇ ಬಂತಲ್ಲ ಅಣ್ಣ?’ ಅಂದೆ.

‘ಅಲ್ಲಿ ಇದು ಕುಡಿಯುವುದೆಷ್ಟು? ಒಂದು ಗುಟುಕು. ಏರಿನಲ್ಲಿ ಚೊಂಬುಗಟ್ಟಲೆ ಬೇಕು.’

ಆಮೇಲೆ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಹಚ್ಚಿ ಮೆಲ್ಲಗೆ ತಿರುಗಿಸಿದರು. ಡೀಸೆಲ್ ಖರ್ಚಾದಷ್ಟು ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಮುಚ್ಚಳದ ಸಣ್ಣ ತೂತು ಮಣ್ಣಿನಿಂದ ಮುಚ್ಚಿದ್ದರೆ ಟ್ಯಾಂಕು ಒಳಗೇ ಉಸಿರು ಬಿಗಿಹಿಡಿಯುತ್ತದೆ, ತೆಗೆದಾಗ ಬುಸ್ ಅನ್ನುತ್ತದೆ. ಅನ್ನಲಿಲ್ಲ. ‘ಹಾಗಾದರೆ ಒಳಗಿನದ್ದು. ಮಳೆಗಾಲದಲ್ಲಿ ಟ್ಯಾಂಕು ಎಷ್ಟಿತ್ತು?’

‘ಕಾಲು’ ಎಂದ ಗೆಳೆಯ, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ.

ಅವರು ತಮ್ಮ ಜೀಪಿನ ಹಿಂದುಗಡೆಯಿಂದ ಐದು ಲೀಟರಿನ ಕ್ಯಾನು ತಂದರು, ತೋಟದ ಪಂಪ್‌ಸೆಟ್ಟಿಗೆಂದು ಇಟ್ಟಿದ್ದ ಡೀಸೆಲ್. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪಿನ ತುಂಡೊಂದು ಸೀಟಿನ ಕೆಳಗಿತ್ತು. ಟ್ಯಾಂಕಿನಿಂದ ಬರುವ ಪೈಪನ್ನು ಎಂಜಿನ್ನಿನ ಬಳಿ ಬಿಚ್ಚಿ, ಅದರ ಜಾಗಕ್ಕೆ ಈ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಕ್ಯಾನಿಗೆ ಇಳಿಸಿದರು. ವಾಪಸು ಹೋಗುವ ಪೈಪು ಟ್ಯಾಂಕಿಗೇ ಇರಲೆಂದರು. ಕೈಪಂಪು ಒತ್ತಿ ಒತ್ತಿ ಏರ್ ತೆಗೆದರು. ಪೈಪಿನಲ್ಲಿ ಗುಳ್ಳೆಗಳು ಸಾಲಾಗಿ ಓಡಿ ಮುಗಿದವು. ಕ್ಯಾನು ನನ್ನ ಮಡಿಲಿಗೆ ಬಂತು.

‘ಗುಳ್ಳೆ ಕಂಡರೆ ಕೂಗಿ’ ಎಂದಷ್ಟೇ ನನಗೆ ಅಪ್ಪಣೆ.

ಜೀಪು ಏರಿತು. ಫೋರ್ ವೀಲ್ ಹಾಕಿ ಲೋ ಗೇರಿನಲ್ಲಿ ಗುರುಗುಟ್ಟುತ್ತ, ಎಲ್ಲಿಯೂ ನಿಲ್ಲದೆ. ತೊಡೆಯ ಮೇಲೆ ಡೀಸೆಲ್ ಚೆಲ್ಲಿ ಪ್ಯಾಂಟು ಒದ್ದೆಯಾಯಿತು; ಬೀಡಿ ಹಚ್ಚುವವರು ಜೊತೆಯಲ್ಲಿಲ್ಲದ್ದು ಪುಣ್ಯ. ಅರಮನೆಯ ಮುಂದೆ ಇಳಿದಾಗಲೂ ಕ್ಯಾನು ಕೈಯಲ್ಲೇ ಇತ್ತು. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಎರಡು ಅಂತಸ್ತಿನ ಮನೆ; ಅರಮನೆ ಎನ್ನಲು ಚಿಕ್ಕದು, ಮರದ ಕೆತ್ತನೆಯಲ್ಲಿ ದೊಡ್ಡದು. ಟಿಪ್ಪುವಿನೊಡನೆ ಕಾದಾಡಿದ ರಾಜ ಈ ಮೂಲೆಯನ್ನು ಆರಿಸಿಕೊಂಡದ್ದೇಕೆ ಎಂದು ಅವತ್ತು ನನಗೆ ಯಾರೂ ವಿವರಿಸಬೇಕಿರಲಿಲ್ಲ. ಹತ್ತಿ ಬರುವವನ ಉಸಿರು ದಾರಿಯಲ್ಲೇ ಅರ್ಧ ಖರ್ಚಾಗುತ್ತದೆ. ಬೆಟ್ಟದ ದಾರಿಯನ್ನು ಮಾತ್ರ ಕ್ಯಾನು ನಂಬಿ ಹಿಡಿಯಲಿಲ್ಲ.

ಮರುದಿನ ಪೊನ್ನಂಪೇಟೆಯ ಗ್ಯಾರೇಜಿನಲ್ಲಿ ಟ್ಯಾಂಕಿನ ತಳದ ಬೋಲ್ಟ್ ಬಿಚ್ಚಿದರು. ಮೊದಲು ಬಂದದ್ದು ನೀರು, ಒಂದು ದೊಡ್ಡ ಲೋಟದಷ್ಟು. ಹಿಂದೆಯೇ ಕಪ್ಪು ಲೋಳೆ, ಕೆರೆಯ ಪಾಚಿಯನ್ನು ಮಸಿಯಲ್ಲಿ ಅದ್ದಿದಂತೆ. ಮುಕ್ಕಾಲು ಖಾಲಿ ಟ್ಯಾಂಕಿನಲ್ಲಿ ನಾಲ್ಕು ತಿಂಗಳು ಕೊಡಗಿನ ತೇವದ ಗಾಳಿ ಆಡಿದರೆ ರಾತ್ರಿಯ ಚಳಿಗೆ ಗೋಡೆಗಳು ಬೆವರುತ್ತವೆ. ಆ ನೀರು ಡೀಸೆಲ್ಲಿನ ಅಡಿಗೆ ಇಳಿಯುತ್ತದೆ. ಎರಡೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡುತ್ತವೆ, ಡೀಸೆಲ್ಲೇ ಅವಕ್ಕೆ ಆಹಾರ. ಎಂಜಿನ್ ಜೋರಾಗಿ ಎಳೆದಾಗ ಈ ಲೋಳೆ ಬಂದು ಹೀರುವ ಕೊಳವೆಯ ಬಾಯಿಯ ಜಾಲರಿಗೆ ಅಂಟುತ್ತದೆ. ಎಂಜಿನ್ ನಿಂತರೆ ಹಿಡಿತ ತಪ್ಪಿ ತಳಕ್ಕೆ ಜಾರುತ್ತದೆ. ಹತ್ತು ನಿಮಿಷದ ಪವಾಡ ಅಷ್ಟೇ. ಟ್ಯಾಂಕು ತೊಳೆದು, ಎರಡೂ ಫಿಲ್ಟರ್ ಬದಲಿಸಿ, ಬಂಕಿನಲ್ಲಿ ಕಂಠಮಟ್ಟ ತುಂಬಿಸಿದೆವು.

ಕ್ಯಾನು ಮರಳಿಸಬೇಕಿತ್ತು. ಮಧ್ಯಾಹ್ನ ಮತ್ತೆ ಕಕ್ಕಬ್ಬೆಗೆ ಹೋದೆವು. ಅವರು ರಸ್ತೆಬದಿಯಲ್ಲಿ ಪ್ರವಾಸಿಗರಿಗಾಗಿ ಕಾಯುತ್ತಿದ್ದರು. ತುಂಬಿದ ಕ್ಯಾನನ್ನು ತೂಗಿ ನೋಡಿ ಒಳಗಿಟ್ಟುಕೊಂಡರು. ‘ಒಂದು ಸಲ ಹತ್ತಿಸಿ’ ಎಂದು ಗೆಳೆಯನಿಗೆ ಕೈ ತೋರಿಸಿದರು. ನಿನ್ನೆ ಕಲ್ಲು ಕೊಟ್ಟ ತಿರುವನ್ನು ಜೀಪು ಒಂದೇ ಉಸಿರಿಗೆ ದಾಟಿತು. ಅವರ ಕಣ್ಣು ಜೀಪಿನ ಮೇಲಿರಲಿಲ್ಲ, ಸೈಲೆನ್ಸರಿನ ಬಾಯಿಯ ಮೇಲಿತ್ತು.

‘ಈಗ ಸ್ವಲ್ಪ ಕಪ್ಪಗೆ ಬಿಡ್ತಾ ಇದೆ’ ಎಂದರು ನನಗೆ. ‘ಹೊಟ್ಟೆ ತುಂಬಿದೆ.’